ಅಮೀಬಾ ನಡೆಯುತ್ತದೋ, ಹರಿಯುತ್ತದೋ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದಕ್ಕಾಗಿ ಎರಡು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ನಿಮ್ಮ ತಲೆಯನ್ನೂ ಸ್ವಲ್ಪ ತಿನ್ನೋಣ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಪ್ರೈಮರಿ ಮಕ್ಕಳಿಗೆ ಅಮೀಬಾ ಬಗ್ಗೆ ಎರಡು ಪುಟ ಬರೆದುಕೊಡಿ ಅಂತ ಗೆಳೆಯರೊಬ್ಬರು ಕೇಳಿದರು. ಅದೇನು ಮಹಾ ಅಂತ ಒಪ್ಪಿಕೊಂಡೆ. "ಅಮೀಬಾ ಒಂದೇ ಜೀವಕೋಶದ ಜೀವಿ. ಕೆರೆ ಕುಂಟೆಗಳ ತಳದ ಕೆಸರಲ್ಲಿ, ಕೊಳೆತ ಎಲೆಗಳ ಮೇಲೆ..." ಅಷ್ಟಕ್ಕೇ ನಿಂತೆ. ಎಲೆಗಳ ಮೇಲೆ ಏನು ಮಾಡುತ್ತದೆ? ನಡೆಯುತ್ತದೆ ಅನ್ನೋಣ ಅಂದರೆ ಕಾಲಿಲ್ಲ. ಈಜುತ್ತದೆ ಅನ್ನೋ ಹಾಗೂ ಇಲ್ಲ, ಅದು ಏನಾದರೊಂದಕ್ಕೆ ಅಂಟಿಕೊಂಡೇ ಮುಂದೆ ಸರಿಯುವುದು. ತೆವಳುತ್ತದೆ ಅನ್ನಬೇಕಾದರೆ ಹೊಟ್ಟೆ ಅಂತ ಒಂದು ಇರಬೇಕಲ್ಲ, ಇದಕ್ಕೆ ಹೊಟ್ಟೆ, ಬೆನ್ನು, ತಲೆ, ಬಾಲ ಯಾವುದೂ ಇಲ್ಲ. ಶಾಲೆಯಲ್ಲಿ ನಾವೆಲ್ಲ 'ಮಿಥ್ಯಾಪಾದಗಳಿಂದ ಚಲಿಸುತ್ತದೆ' ಅಂತ ಬಾಯಿಪಾಠ ಮಾಡಿದ್ದೇನೋ ನಿಜ. ಆದರೆ 'ಚಲಿಸುತ್ತದೆ' ಅನ್ನೋದು ಬಸ್ಸಿಗೂ ಮೋಡಕ್ಕೂ ಆಗುವ ಮಾತು. ಅದರಿಂದ ಮಗುವಿನ ಕಣ್ಣಿಗೆ ಏನೂ ಕಟ್ಟುವುದಿಲ್ಲ.

ನಿಜವಾಗಿ ಆಗುವುದು ಹೀಗೆ. ಅಮೀಬಾದ ಒಳಗಿನ ರಸ ತೆಳ್ಳಗಿರುತ್ತದೆ, ಅಂಚಿನದು ಗಟ್ಟಿ. ಒಂದೇ ತುಪ್ಪ ಚಳಿಗೆ ಹೆರೆತು ಬಿಸಿಗೆ ಕರಗುತ್ತದಲ್ಲ, ಹಾಗೆ ಈ ರಸವೂ ಗಟ್ಟಿಯಾಗಿ ತೆಳ್ಳಗಾಗಿ ಮಾಡುತ್ತಿರುತ್ತದೆ. ಇಲ್ಲಿ ಬಿಸಿಯ ಕೆಲಸ ಇಲ್ಲ ಅನ್ನೋದೊಂದೇ ವ್ಯತ್ಯಾಸ. ಮೈಯ ಯಾವುದೋ ಒಂದು ಕಡೆ ಉಬ್ಬುತ್ತದೆ, ಮಿಥ್ಯಾಪಾದ ಅನ್ನೋದು ಈ ಉಬ್ಬನ್ನೇ. ಒಳಗಿನ ತೆಳು ರಸ ಆ ಉಬ್ಬಿಗೆ ನುಗ್ಗುತ್ತದೆ, ತುದಿ ಮುಟ್ಟಿ ಪಕ್ಕಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಹಿಂದುಗಡೆಯ ಗಟ್ಟಿ ಭಾಗ ಕರಗಿ ಮತ್ತೆ ಮುಂದಕ್ಕೆ ಬರುತ್ತದೆ. ಅಂದರೆ ಅಮೀಬಾ ತನ್ನೊಳಗೆ ತಾನೇ ಸುರಿದುಕೊಳ್ಳುತ್ತಾ ಹೋಗುತ್ತದೆ. ಇದನ್ನು ಬರೆಯುವಾಗ ಥಟ್ಟನೆ ಹೊಳೆದ ಪದ 'ಹರಿ'.

ನೋಡಿ, ನೀರು ಹರಿಯುತ್ತದೆ. ಹಾವೂ ಹರಿಯುತ್ತದೆ, 'ಕಾಲ ಮೇಲೆ ಏನೋ ಹರಿದ ಹಾಗಾಯ್ತು' ಅಂತ ಬೆಚ್ಚಿಬೀಳುತ್ತೇವಲ್ಲ, ಇರುವೆ ಹರಿದಾಡುವುದೂ ಅದೇ ಹರಿ. ದ್ರವದ ಓಟಕ್ಕೂ ಹಾವು ಇರುವೆಗಳ ಓಡಾಟಕ್ಕೂ ಕನ್ನಡದಲ್ಲಿ ಒಂದೇ ಪದ ಆಯ್ತು. ಅಮೀಬಾ ಮಾಡುವುದು ಎರಡನ್ನೂ ಒಟ್ಟಿಗೇ ಅಲ್ವಾ? ಇಷ್ಟೇ ಆಗಿದ್ದರೆ ಸುಮ್ನೆ ಖುಷಿಪಟ್ಟು ಮುಂದೆ ಹೋಗುತ್ತಿದ್ದೆ. ಆದರೆ ಹರಿ ಅಂದರೆ ಬಟ್ಟೆ ಹರಿಯುವುದು, ಕಾಗದ ಹರಿಯುವುದು ಕೂಡ. ಅಮೀಬಾ ಹೆಚ್ಚುವ ಬಗೆಯೂ ಅದೇ. ಮೊದಲು ಮೈ ದುಂಡಗಾಗುತ್ತದೆ, ಒಳಗಿನ ಕೋಶಕೇಂದ್ರ ಎರಡಾಗುತ್ತದೆ, ಆಮೇಲೆ ನಡು ಸಣ್ಣಗಾಗುತ್ತಾ ಬರುತ್ತದೆ, ಎರಡು ಅರ್ಧಗಳೂ ಒಂದೊಂದು ದಿಕ್ಕಿಗೆ ಹೊರಟು ಎಳೆದಾಡಿ ನಡುವೆ ಹರಿದುಕೊಂಡು ಬೇರೆಯಾಗುತ್ತವೆ. ಹರಿದು ಹರಿದು ಹರಿಯುತ್ತದೆ! ಪುಸ್ತಕದಲ್ಲಿ ಇದಕ್ಕೆ 'ದ್ವಿವಿದಳನ' ಅಂತ ಇದೆ. ಮಕ್ಕಳಿಗೆ ದ್ವಿದಳ ಅಂದಕೂಡಲೇ ತೊಗರಿಬೇಳೆ ನೆನಪಾಗುತ್ತದೆ, ಅದೇನೂ ತಪ್ಪು ನೆನಪಲ್ಲ ಅನ್ನಿ.

ತಿನ್ನುವುದರದ್ದು ಇನ್ನೊಂದು ಫಜೀತಿ. ಬಾಯಿಲ್ಲದ್ದು ತಿನ್ನುತ್ತದೆ ಅನ್ನಬಹುದಾ? 'ನುಂಗು' ಅಂದರೆ ಗಂಟಲು ಬೇಕು. ಅಮೀಬಾಕ್ಕೆ ಪಾಚಿಯ ತುಣುಕೋ ಬ್ಯಾಕ್ಟೀರಿಯಾವೋ ಸಿಕ್ಕಿದರೆ ಅದರ ಸುತ್ತ ಮೈಯನ್ನೇ ಬಟ್ಟಲಿನ ಹಾಗೆ ಮಾಡಿ, ಒಂದಿಷ್ಟು ನೀರಿನ ಸಮೇತ ಒಳಗೆ ಹಾಕಿಕೊಳ್ಳುತ್ತದೆ. ಇದಕ್ಕೆ 'ಬೊಗಸೆ' ಅನ್ನೋದು ಎಷ್ಟು ಚೆನ್ನಾಗಿ ಕೂರುತ್ತದೆ! ಕೈಯಿಲ್ಲದ ಬೊಗಸೆ. ಸಿಕ್ಕಿದ್ದು ಒಳಗೇ ಪುಟ್ಟ ಗುಳ್ಳೆಯಲ್ಲಿ ಜೀರ್ಣವಾಗುತ್ತದೆ, ಉಳಿದ ಕಸವನ್ನು ಇದ್ದ ಕಡೆಯೇ ಬಿಟ್ಟು ಮುಂದೆ ಹರಿಯುತ್ತದೆ. ಆ ಗುಳ್ಳೆಗೆ 'ಆಹಾರ ರಸದಾನಿ' ಅನ್ನುತ್ತಾರೆ, ಹೂದಾನಿಯ ದಾನಿ. ಅದಿರಲಿ. ಆದರೆ ಅಮೀಬಾದ ಇನ್ನೊಂದು ಗುಳ್ಳೆಗೆ ಇಟ್ಟಿರುವ 'ಸಂಕೋಚನ ರಸದಾನಿ' ಅನ್ನೋ ಹೆಸರು ನನಗೆ ಒಗ್ಗುತ್ತಿಲ್ಲ. ಕೆರೆಯ ನೀರಿಗಿಂತ ಅಮೀಬಾದ ಒಳಗೆ ಲವಣ ಜಾಸ್ತಿ, ಹಾಗಾಗಿ ನೀರು ಒಂದೇ ಸಮನೆ ಒಳಗೆ ಜಿನುಗುತ್ತಿರುತ್ತದೆ. ಹಾಗೇ ಬಿಟ್ಟರೆ ಉಬ್ಬಿ ಒಡೆದೇ ಹೋಗುತ್ತದೆ. ಈ ಗುಳ್ಳೆ ಆ ನೀರನ್ನು ತುಂಬಿಕೊಂಡು ಅಂಚಿಗೆ ಬಂದು ಹೊರಗೆ ಚೆಲ್ಲುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ಈ ಕಾಟ ಕಡಿಮೆ, ಕಡಲಿನ ಎಷ್ಟೋ ಅಮೀಬಾಗಳಿಗೆ ಈ ಗುಳ್ಳೆಯೇ ಇಲ್ಲ. ತೂತು ದೋಣಿಯಿಂದ ನೀರು ಮೊಗೆದು ಹಾಕುವ ಕೆಲಸ ಇದು. 'ಮೊಗೆಚೀಲ' ಅಂದರೆ ನಗುತ್ತೀರಾ?

ಇನ್ನು ಹೆಸರು. ಗ್ರೀಕಿನಲ್ಲಿ 'ಅಮೊಯ್ಬೆ' ಅಂದರೆ ಬದಲಾವಣೆ. 1755ರಲ್ಲಿ ಇದನ್ನು ಮೊದಲ ಸಲ ಚಿತ್ರ ಸಮೇತ ವಿವರಿಸಿದ ಜರ್ಮನಿಯ ರೋಸೆಲ್ ಫಾನ್ ರೋಸೆನ್‌ಹಾಫ್ 'ಪುಟ್ಟ ಪ್ರೋಟಿಯಸ್' ಅಂತ ಕರೆದಿದ್ದ, ಪ್ರೋಟಿಯಸ್ ಅಂದರೆ ಬೇಕಾದ ರೂಪ ತಾಳುವ ಗ್ರೀಕರ ಕಡಲದೇವತೆ. ಈಗಲೂ ಅರ್ಧ ಮಿಲಿಮೀಟರಿನ ಆಸುಪಾಸಿನ ಕೆರೆಯ ಅಮೀಬಾಕ್ಕೆ ಅಮೀಬಾ ಪ್ರೋಟಿಯಸ್ ಅಂತಲೇ ಹೆಸರು. ನಮ್ಮವರು ಹೆಸರಿಟ್ಟಿದ್ದರೆ 'ಕಾಮರೂಪಿ' ಅನ್ನುತ್ತಿದ್ದರೋ ಏನೋ. ಈಗ ಹಾಗೆ ಬರೆದರೆ ಮಕ್ಕಳ ಅಪ್ಪ ಅಮ್ಮಂದಿರಿಂದ ಫೋನ್ ಬರುತ್ತದೆ.

ಇದರ ಜೊತೆಗೆ ನಮ್ಮ ಪಕ್ಕದ ಮನೆ ಹುಡುಗನ ಪ್ರಶ್ನೆ: "ಆಮಶಂಕೆ ಅಂದ್ರೆ ಅಮೀಬಾ ಶಂಕೆ ಅಲ್ವಾ ಅಂಕಲ್?" ಕೇಳೋಕೆ ಚೆನ್ನಾಗಿದೆ, ಆದರೆ ಅಲ್ಲ. 'ಆಮ' ಆಯುರ್ವೇದದ ಹಳೇ ಪದ, ಅರಗದೆ ಉಳಿದದ್ದು ಅಂತ. ಶಂಕೆಯೂ ಅನುಮಾನದ ಶಂಕೆಯಲ್ಲ, ಲಘುಶಂಕೆಯ ಶಂಕೆ ಅಂತಲೇ ನನಗೆ ಕಾಣುತ್ತದೆ. ತಮಾಷೆ ಏನೆಂದರೆ ಆಮಶಂಕೆಯ ಒಂದು ಬಗೆಗೆ ಕಾರಣ ನಿಜವಾಗಿಯೂ ಅಮೀಬಾ. ರಷ್ಯಾದ ಲೋಶ್ ಅನ್ನುವ ವೈದ್ಯ ರೋಗಿಯ ಮಲದಲ್ಲಿ ಕಂಡ ಅದನ್ನು 1875ರಲ್ಲಿ ವಿವರಿಸಿದ. ಎರಡು ಪದಗಳೂ ನೆಂಟರಲ್ಲದಿದ್ದರೂ ಒಂದೇ ಹೊಟ್ಟೆಯಲ್ಲಿ ಭೇಟಿಯಾಗಿವೆ.

ಕೇರಳದ ಸುದ್ದಿಗಳಲ್ಲಿ ಬರುವ 'ಮಿದುಳು ತಿನ್ನುವ ಅಮೀಬಾ' ಬೇರೆಯೇ ವಂಶದ್ದು. ನೆಗ್ಲೇರಿಯಾ ಅಂತ ಹೆಸರು. ಬೆಚ್ಚನೆಯ ಸಿಹಿನೀರಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ಇರುತ್ತದೆ, ಬೇಕಾದಾಗ ಎರಡು ಬಾಲ ಬೆಳೆಸಿಕೊಂಡು ಈಜುತ್ತದೆ ಕೂಡ. ನೀರಿನ ಜೊತೆ ಮೂಗಿಗೆ ನುಗ್ಗಿದಾಗ ಮಾತ್ರ ಅಪಾಯ, ಕುಡಿದರೆ ಅಲ್ಲ. ಅಂದರೆ ಅಮೀಬಾ ಅನ್ನೋದು ಒಂದು ಜಾತಿಯ ಹೆಸರಿಗಿಂತ ಹೆಚ್ಚಾಗಿ ಒಂದು ಬದುಕುವ ಬಗೆಯ ಹೆಸರು. ನಮ್ಮ ರಕ್ತದ ಕೆಲವು ಬಿಳಿ ಕಣಗಳೂ ಹೀಗೇ ಹರಿದು ಹೀಗೇ ಬೊಗಸೆ ಹಿಡಿಯುತ್ತವೆ.

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಬಸವನಹುಳು, ಜಿಗಣೆ ಇವುಗಳಿಗೆಲ್ಲ 'ಹರಿ' ಬಳಸುತ್ತೀರಾ, ಅಥವಾ ಬೇರೆ ಮಾತಿದೆಯಾ? ಮಿಥ್ಯಾಪಾದಕ್ಕೆ 'ಹುಸಿಗಾಲು' ಅಂತ ಕೆಲವರು ಬರೆಯುತ್ತಾರೆ. ಅದೂ ಸರಿಯೇ, ಆದರೆ ಆ ಕಾಲಿನಲ್ಲಿ ಹುಸಿ ಏನಿದೆ, ಪಾಪ, ಅದು ಮಾಡುವ ಕೆಲಸ ನಮ್ಮ ಕಾಲಿಗಿಂತ ಜಾಸ್ತಿಯೇ ಇದೆ. ನಾನು 'ಹರಿಗಾಲು' ಅಂತ ಬರೆದು ಕಳಿಸಿದ್ದೆ. ಗೆಳೆಯರು ಅದನ್ನು ಅಚ್ಚಿನ ತಪ್ಪು ಅಂದುಕೊಂಡು ಎಲ್ಲ ಕಡೆ 'ಹರಿಗೋಲು' ಅಂತ ತಿದ್ದಿ ವಾಪಸ್ ಕಳಿಸಿದ್ದಾರೆ.