ಮುಂಬೈ ಲೋಕಲ್ ರೈಲಿನಲ್ಲಿ ಅಪರಿಚಿತರ ಜತೆ ಸಂಗೀತದ ಮಾತು ತೆಗೆಯೋದು ಹೇಗೆ?

ಠಾಣೆ_ಸ್ಲೋ:
ಠಾಣೆಯಿಂದ ಸಿಎಸ್‌ಎಂಟಿಗೆ (ಮುಂಬೈನ ಕೊನೆ ಸ್ಟೇಷನ್) ಹೋಗೋ ಸ್ಲೋ, ಅಂದ್ರೆ ಎಲ್ಲ ಸ್ಟೇಷನ್‌ನಲ್ಲೂ ನಿಲ್ಲೋ ಗಾಡಿ, ಬೆಳಿಗ್ಗೆ ಎಂಟೂವರೆ ಸುಮಾರಿಗೆ, ಸೆಕೆಂಡ್ ಕ್ಲಾಸ್. ದಿನಾ ಅದೇ ಡಬ್ಬಾ, ಅದೇ ಮುಖಗಳು. ಒಬ್ಬರ ಹತ್ತಿರ ತಬಲಾ ಬ್ಯಾಗ್ ಇರುತ್ತೆ, ಇನ್ನೊಬ್ಬರು ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕ್ತಾ ಕೂತಿರ್ತಾರೆ, ಪಕ್ಕದ ಡಬ್ಬಾದಿಂದ ಭಜನೆ ಕೇಳಿಸುತ್ತೆ. ನನಗೆ ಹಿಂದೂಸ್ತಾನಿ, ದಾಸರ ಪದ ಎರಡೂ ಇಷ್ಟ. ಮರಾಠಿ ಅಷ್ಟಕ್ಕಷ್ಟೆ. ಮಾತು ಎಲ್ಲಿಂದ ಶುರು ಮಾಡೋದು, ಯಾವಾಗ ಬಾಯಿ ಮುಚ್ಕೊಂಡಿರೋದು? "ಧೈರ್ಯ ಮಾಡಿ ಮಾತಾಡಿಸಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಗದಗಿನಾಂವ:
ಮೊದಲ ಹೊತ್ತು ನೋಡ್ರಿ. ಸ್ಲೋ ಗಾಡಿಗೆ ಸಿಎಸ್‌ಎಂಟಿತನಕ ಸುಮಾರು ಒಂದು ತಾಸು ಹಿಡೀತದ, ಆದ್ರ ಮಾತಿಗೆ ಸಿಗೋದು ಮುಲುಂಡ್‌ದಿಂದ ವಿಕ್ರೋಳಿತನಕ ಹತ್ತ-ಹನ್ನೆರಡು ನಿಮಿಷ ಅಷ್ಟ. ಘಾಟ್ಕೋಪರ್‌ದಾಗ ಮೆಟ್ರೊ ಹಿಡಿಯೋರು ಇಳೀತಾರ, ಕುರ್ಲಾದಾಗ ಹಾರ್ಬರ್ ಅನ್ನೋ ಇನ್ನೊಂದು ಲೈನಿನವರು ಏರ್ತಾರ, ಆಮ್ಯಾಲೆ ದಾದರ್ ಬರೋತನಕ ಎಲ್ಲಾರ ಲಕ್ಷ್ಯ ಬಾಗಲ ಕಡೆ. ಬಾಗಲದಾಗ ನಿಂತವರನ್ನಂತೂ ಮಾತಾಡಸಲಿಕ್ಕೇ ಹೋಗಬ್ಯಾಡ್ರಿ. ಎರಡು ಸೀಟಿನ ನಡುವ ನಿಂತವರು, ಮೂರು ಮಂದಿ ಸೀಟಿನ ತುದಿಗೆ ನಾಲ್ಕನೇದವರಾಗಿ (ಫೋರ್ತ್ ಸೀಟ್) ಅರ್ಧ ಕುಂತವರು, ಇವರು ಮಾತಿಗೆ ಸಿಗ್ತಾರ.

ಇನ್ನೊಂದು, "ಕಹಾಂ ಉತರೇಂಗೆ?" (ಎಲ್ಲಿ ಇಳೀತೀರಿ?) ಅಂತ ಮಾತು ಸುರು ಮಾಡಿದ್ರ ಕೆಲಸ ಕೆಡ್ತದ. ಲೋಕಲ್‌ದಾಗ ಅದನ್ನ ಕೇಳೋದು ಸೀಟಿಗೆ ನಂಬರ್ ಹಚ್ಚಲಿಕ್ಕೆ. ಅವರು "ದಾದರ್" ಅಂದು ಮಾರಿ ತಿರುವ್ತಾರ, ಮುಗೀತು.

ತಬಲಾದವರಿಗೆ "ನೀವು ತಬಲಾ ಬಾರಸ್ತೀರೇನು?" ಅಂತ ಕೇಳಬ್ಯಾಡ್ರಿ, ಬ್ಯಾಗ್ ಕಾಣ್ತದಲ್ಲ. "ಕಾಳಿ ಏಕ್ ಕಾ?" ಅನ್ರಿ, ಅಂದ್ರ ಹಾರ್ಮೋನಿಯಂದ ಮೊದಲನೇ ಕರಿ ಮನಿ, ಸಿ ಶಾರ್ಪ್. ಗಂಡು ದನಿಗೆ ಸಾಮಾನ್ಯವಾಗಿ ಅಲ್ಲೇ ಆಸುಪಾಸು ಶ್ರುತಿ ಇರ್ತದ, ತಬಲಾದ ಬಾಯಿ ಐದೂಕಾಲು–ಐದೂವರೆ ಇಂಚು. ಹೆಣ್ಣು ದನಿಗೆ ಕಾಳಿ ಚಾರ್, ಕಾಳಿ ಪಾಚ್. ಅದಕ್ಕ ಬಾಯಿ ಇನ್ನೂ ಸಣ್ಣದು ಬೇಕು. ಇಷ್ಟು ಕೇಳಿದ್ರ ಸಾಕು, ಇಂವಾ ತಿಳದಾಂವ ಅಂತ ಅವರಿಗೇ ಗೊತ್ತಾಗ್ತದ. ಒಂದೇ ಶಬ್ದದಾಗ ಉತ್ತರ ಕೊಡೋವಂಥಾ ಪ್ರಶ್ನೆ ಇರಲಿ: ಮನಸ್ಸಿದ್ರ ಮುಂದುವರಸ್ತಾರ, ಇಲ್ಲಂದ್ರ "ಹೋ" (ಹೌದು) ಅಂದು ಸುಮ್ಮನಾಗ್ತಾರ. ಬ್ಯಾಗ್ ಮಾತ್ರ ಮುಟ್ಟಬ್ಯಾಡ್ರಿ. ಗರ್ದಿಯೊಳಗ ಒಂದು ಪೆಟ್ಟು ಬಿದ್ರ ಗಟ್ಟ (ಬಾರಿನ ಕೆಳಗಿನ ಕಟ್ಟಿಗಿ ತುಂಡು) ಸರಿದು ಇಡೀ ಶ್ರುತಿ ಇಳೀತದ, ಅವರ ಜೀವ ಅಲ್ಲೇ ಇರ್ತದ.

ಮರಾಠಿ ಮಂದಿ ಜೋಡಿ ನಮಗ ಸಿದ್ಧ ದಾರಿ ಅಂದ್ರ ಭೀಮಸೇನ ಜೋಶಿ. ಅಭಂಗ (ಮರಾಠಿ ಸಂತರ ಭಕ್ತಿಪದ) ಕೇಳಿ ಬೆಳದವರಿಗೆ ಅವರು ಪುಣೇದವರು. ಹುಟ್ಟಿದ್ದು ರೋಣದಾಗ, 1922ರಾಗ, ಕನ್ನಡ ದಾಸರ ಪದಾನೂ ಹಾಡ್ಯಾರ ಅಂದ್ರ ಕಿವಿ ನಿಗರಸ್ತಾರ. ಗುರು ಸವಾಯಿ ಗಂಧರ್ವರು ಕುಂದಗೋಳದವರು. ಅವರ ಹೆಸರಿನ ಉತ್ಸವ 1953ರಿಂದ ಪುಣೇದಾಗ ನಡದದ, ಡಿಸೆಂಬರ್‌ದಾಗ. ನವೆಂಬರ್ ಮುಗಿಯೋ ಹೊತ್ತಿಗೆ "ಯಂದಾ ಸವಾಯೀಲಾ ಜಾಣಾರ್ ಕಾ?" (ಈ ವರ್ಷ ಸವಾಯಿ ಉತ್ಸವಕ್ಕ ಹೊಂಟೀರೇನು?) ಅಂದು ನೋಡ್ರಿ.

ಮಾಟುಂಗಾ_ಕಟ್ಟೆ:
ನಾನು ಭಜನೆ ಡಬ್ಬಾದ್ದು ಮಾತ್ರ ಹೇಳ್ತೇನೆ. ಮಂಡಳಿಯವರಿಗೆ ಗಾಡಿ, ಡಬ್ಬಾ, ಕೂರುವ ಮೂಲೆ ಎಲ್ಲ ನಿಗದಿ ಉಂಟು. ಹೊಸಬರು ಖಾಲಿ ಸೀಟು ಕಂಡಿತು ಅಂತ ಅವರ ನಡುವೆ ಕೂತರೆ ಮೊದಲ ದಿನವೇ ಹೆಸರು ಹಾಳು ಮಾರಾಯ್ರೆ. ಬದಿಯಲ್ಲಿ ನಿಲ್ಲಿ. ಒಂದು ಅಭಂಗ ಬರೀ ಕೇಳಿ, ಎರಡನೆಯದಕ್ಕೆ ಪಲ್ಲವಿ ತಿರುಗಿ ಬರುವಾಗ ಮಾತ್ರ ದನಿ ಸೇರಿಸಿ. ಚರಣ ಮುಖ್ಯ ಹಾಡುಗಾರರದ್ದು, ಅದಕ್ಕೆ ಬಾಯಿ ಹಾಕಬೇಡಿ. ಚಪ್ಪಾಳೆ ಹೊಡೆಯುವುದಾದರೆ ಭಜನಿ ಠೇಕಾ ಎಂಟು ಮಾತ್ರೆಯದ್ದು. ಕೊನೆಗೆ ಲಯ ಏರುವಾಗ ಹೊಸಬರ ಚಪ್ಪಾಳೆ ಮುಂದೆ ಓಡಿ ಪಖವಾಜಿನವನಿಗೆ ತೊಂದರೆ ಕೊಡುತ್ತದೆ. ತಪ್ಪಿದರೆ ಕೈ ನಿಲ್ಲಿಸಿ, ಬಾಯಿ ಸಾಕು. ಕೈತಾಳ ಅವರಾಗಿ ಕೈಗೆ ಕೊಟ್ಟರೆ ಮಾತ್ರ ತಗೊಳ್ಳಿ.

ಮಾತಾಡಿಸುವುದು ಎರಡು ಹಾಡಿನ ನಡುವೆ ಅಲ್ಲ, ಭೈರವಿ ರಾಗದ ಹಾಡು ಆದ ಮೇಲೆ. ಭೈರವಿ ಹೇಳಿದರೆ ಆ ದಿನದ್ದು ಮುಗಿಯಿತು ಅಂತ ಲೆಕ್ಕ, "ಇನ್ನೊಂದು ಹೇಳಿ" ಅನ್ನಬೇಡಿ. ಪುರಂದರ ವಿಠಲನೂ ಅವರ ವಿಠ್ಠಲನೂ ಒಬ್ಬನೇ, ಹಾಗಾಗಿ ಕನ್ನಡ ಪದ ಒಂದು ಹೇಳಲಾ ಎಂದು ಕೇಳಿದರೆ ಬೇಡ ಅನ್ನುವವರು ಕಡಿಮೆ. ಎರಡೇ ಚರಣದ್ದು ಆರಿಸಿ, ಪಲ್ಲವಿ ನಾಲ್ಕು ಶಬ್ದ ಮೀರಬಾರದು, ಇಲ್ಲದಿದ್ದರೆ ಅವರಿಗೆ ಹಿಂದೆ ಹೇಳಲಿಕ್ಕೆ ಆಗುವುದಿಲ್ಲ. ಹೊಸಬರಿಗೆ ಒಳ್ಳೆಯ ದಿನ ದಸರೆಯ ಹೊತ್ತಿನ ಪೂಜೆ. ಡಬ್ಬಾಕ್ಕೆ ಗೊಂಡೆ ಹೂ ಕಟ್ಟುತ್ತಾರೆ, ಪ್ರಸಾದ ಹಂಚುತ್ತಾರೆ, ಅವರೇ ಕರೆದು ಮಾತಾಡಿಸುತ್ತಾರೆ.

ಗಲಾಟೆ ಅಂತ ಆಕ್ಷೇಪ ಮಾಡುವ ಪ್ರಯಾಣಿಕರೂ ಇದ್ದಾರೆ. ರೈಲ್ವೆ ಕಾಯ್ದೆ 1989ರ 145ನೇ ಕಲಮಿನಲ್ಲಿ ಉಪದ್ರವ ಕೊಡುವುದಕ್ಕೆ ದಂಡ ಉಂಟು. ಜಗಳ ಶುರುವಾದರೆ ಯಾವ ಕಡೆಯೂ ಸೇರಬೇಡಿ.

ಡೊಂಬಿವಲಿ_ಲೇಡೀಸ್:
ಇಯರ್‌ಫೋನ್ ವಿಷಯ ಯಾರೂ ಹೇಳಲಿಲ್ಲ. ಎರಡೂ ಕಿವಿಯಲ್ಲಿದ್ದರೆ ಬಿಟ್ಟುಬಿಡಿ, ಭುಜ ತಟ್ಟಿ ಎಬ್ಬಿಸೋದು ತಪ್ಪು. ಒಂದೇ ಕಿವಿಯಲ್ಲಿದ್ದರೆ ಅದು ನಿಮಗೆ ಆಹ್ವಾನ ಅಲ್ಲ, ಸ್ಟೇಷನ್ ಅನೌನ್ಸ್‌ಮೆಂಟ್ ಕೇಳೋಕೆ. ತಾವಾಗಿ ತೆಗೆದು ಸುತ್ತಿಡೋವಾಗ ಕೇಳಿ. "ಏನ್ ಕೇಳ್ತಿದ್ರಿ?" ಅನ್ನೋಕಿಂತ "ಅದು ಝಪ್‌ತಾಲ್ ಅಲ್ವಾ, ಬೆರಳು ಎಣಿಸ್ತಾ ಇದ್ರಿ" ಅಂದ್ರೆ ಉತ್ತರ ಬರುತ್ತೆ. ನಿಮ್ಮ ಕಣ್ಣು ಮುಚ್ಚಿದ ತಾಳದವರಿಗೂ ಇದೇ, ಆದರೆ ಕಣ್ಣು ಬಿಟ್ಟ ಮೇಲೆ. ತಪ್ಪು ಹೇಳಿದರೂ ಚಿಂತೆಯಿಲ್ಲ, ತಿದ್ದೋಕೆ ಅಂತಾನೇ ಜನ ಬಾಯಿ ಬಿಡ್ತಾರೆ.

ಕಿಟಕಿ ತೆರೆದ ಡಬ್ಬಾದಲ್ಲಿ ರಾಗದ ಹೆಸರು ಕೇಳಿಸಲ್ಲ, "ಮಾರ್ವಾ"ನ "ಮಾಲವಾ" ಅಂದ್ಕೋತಾರೆ. ಫೋನಿನಲ್ಲಿ ದೊಡ್ಡದಾಗಿ ಟೈಪ್ ಮಾಡಿ ತೋರಿಸಿ. ಸ್ಪೀಕರ್ ಹಾಕಿ ಕೇಳಿಸೋದು, ಅವರ ಇಯರ್‌ಬಡ್ ಕೇಳೋದು ಎರಡೂ ಬೇಡ. ಗಂಡಸರಿಗೆ ಇನ್ನೊಂದು ಮಾತು: ಜನರಲ್ ಡಬ್ಬಾದಲ್ಲಿ ಒಬ್ಬಳೇ ಬರ್ತಿರೋ ಹೆಂಗಸನ್ನ ಸಂಗೀತದ ನೆಪದಲ್ಲಿ ಮಾತಾಡಿಸಬೇಡಿ. ನೆಪ ಅಂತಾನೇ ಅವರಿಗೆ ಅನ್ನಿಸೋದು, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಠಾಣೆ_ಸ್ಲೋ:
ಕಾಳಿ ಏಕ್ ಬರೆದಿಟ್ಕೊಂಡೆ. ಬೆಳಗಿನ ಗರ್ದಿ ಬಿಟ್ಟು ಸುಲಭದ ಜಾಗ ಯಾವುದಾದ್ರೂ ಇದೆಯಾ?

ಡೊಂಬಿವಲಿ_ಲೇಡೀಸ್:
ಷಣ್ಮುಖಾನಂದ ಸಭಾಂಗಣದಲ್ಲಿ ಸಂಗೀತ ಕಛೇರಿ ಮುಗಿದ ರಾತ್ರಿ. ಹಾರ್ಬರ್‌ನವರು ಕಿಂಗ್ಸ್ ಸರ್ಕಲ್‌ಗೆ ಹೋಗ್ತಾರೆ. ನಿಮ್ಮ ಠಾಣೆ ಕಡೆಯವರು ಸಾಯನ್‌ಗೆ ನಡೆದು ಸ್ಲೋ ಹಿಡೀತಾರೆ, ಯಾಕೆಂದರೆ ಫಾಸ್ಟ್ ಅಲ್ಲಿ ನಿಲ್ಲಲ್ಲ. ಪ್ಲಾಟ್‌ಫಾರ್ಮಿನ ಮೇಲೇ "ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸೋ ಭಾಗ) ಸ್ವಲ್ಪ ಉದ್ದ ಆಯ್ತಲ್ವಾ?" ಅನ್ನಿ. ಭಾಂಡುಪ್ ಬಂದರೂ ವಾದ ಮುಗಿದಿರಲ್ಲ.