ಸಹಾಯ ಬೇಕು: ಹೊಟ್ಟೆಯ ಹುಣ್ಣಿಗೆ ಕಾರಣ ನೋವಿನ ಮಾತ್ರೆಯೋ, ಬ್ಯಾಕ್ಟೀರಿಯಾವೋ?

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ಕಡೆಯವರಾದ ನಮ್ಮ ತಾಯಿ, ಮಂಡಿನೋವಿನ ಡೈಕ್ಲೋಫೆನಾಕ್ ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೇ ಶೇಂಗಾ ಹೊಲಕ್ಕೆ ಹೋಗುತ್ತಿದ್ದವರು. ಹೊಟ್ಟೆ ಉರಿಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಕೂಡ ನುಂಗುತ್ತಿದ್ದರು. ಮಲ ಡಾಂಬರಿನಂತೆ ಕಪ್ಪಾದಾಗ ದಾವಣಗೆರೆಯಲ್ಲಿ ಎಂಡೋಸ್ಕೋಪಿ ಮಾಡಿಸಿದೆವು, ಜಠರದಲ್ಲಿ ಹುಣ್ಣಾಗಿ ರಕ್ತ ಒಸರಿದೆ. ನೋವಿನ ಮಾತ್ರೆ ನಿಲ್ಲಿಸಿದ್ದೇವೆ.

ಇದು ಮಾತ್ರೆಯಿಂದಲೇ ಆದದ್ದೆಂದು ಒಬ್ಬ ವೈದ್ಯರು ಹೇಳಿದರೆ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕನ್ನು ಕಡೆಗಣಿಸಬಾರದೆಂದು ಇನ್ನೊಬ್ಬರು ಹೇಳುತ್ತಾರೆ. ನಾನು ಓದಿದಂತೆ, ಜಠರದ ಒಳಪದರವನ್ನು ಕಾಯುವ ದೇಹದ ರಾಸಾಯನಿಕಗಳಾದ ಪ್ರೊಸ್ಟಾಗ್ಲಾಂಡಿನ್‌ಗಳನ್ನು ಮಾತ್ರೆ ತಗ್ಗಿಸುತ್ತದೆ, ಬ್ಯಾಕ್ಟೀರಿಯಾ ಅದೇ ಪದರದಲ್ಲಿ ಉರಿಯೂತ ಹುಟ್ಟಿಸುತ್ತದೆ. ಯಾವುದೇ ಒಂದರಿಂದಲೂ ಹುಣ್ಣಾಗಬಹುದು, ಎರಡೂ ಕೂಡಿದರೆ ಅಪಾಯ ಇನ್ನೂ ಹೆಚ್ಚು. ಇಲ್ಲಿಯವರೆಗೆ ಸರಿಯಾಗಿಯೇ ಅರ್ಥವಾಗಿದೆ.

ತೊಡಕಿರುವುದು ಪರೀಕ್ಷೆಯಲ್ಲಿ. ಎಂಡೋಸ್ಕೋಪಿ ವೇಳೆ ಈ ಬ್ಯಾಕ್ಟೀರಿಯಾ ಪತ್ತೆಗೆ ಮಾಡಿದ ಯೂರಿಯೇಸ್ ಪರೀಕ್ಷೆ ನೆಗೆಟಿವ್ ಬಂದಿದೆ. ಆದರೆ ಪ್ಯಾಂಟೊಪ್ರಜೋಲ್ ಮತ್ತು ರಕ್ತಸ್ರಾವ ಎರಡೂ, ಸೋಂಕಿದ್ದರೂ ಅದನ್ನು ಪರೀಕ್ಷೆಯಲ್ಲಿ ಮರೆಮಾಡಬಲ್ಲವು. ಇದೇ ಸೋಂಕಿಗೆ ಉಸಿರಿನ ಪರೀಕ್ಷೆ ಮಾಡಿಸಲು 2 ವಾರ ಮೊದಲೇ ಪ್ಯಾಂಟೊಪ್ರಜೋಲ್ ಬಿಡಬೇಕು, ಆದರೆ ಹುಣ್ಣು ಮಾಯಲು ಅದನ್ನೇ ಬಿಡುವಂತಿಲ್ಲ.

ಇಂತಹ ಸ್ಥಿತಿಯಲ್ಲಿ ಮರುಪರೀಕ್ಷೆಯನ್ನು ಯಾವಾಗ, ಯಾವ ವಿಧಾನದಲ್ಲಿ ಮಾಡಿಸುತ್ತಾರೆ? ಸೋಂಕು ಪತ್ತೆಯಾಗಿ ಪೂರ್ಣ ವಾಸಿಯಾದರೂ, ಮಂಡಿನೋವಿಗೆ ಅದೇ ಮಾತ್ರೆ ಕೊಡುವುದು ಅಪಾಯವೇ? ಬಲ್ಲ ವೈದ್ಯರು, ಅನುಭವಿಗಳು ದಯವಿಟ್ಟು ತಿಳಿಸಿ.