ಸ್ಪ್ರಿಂಗ್ ಬೂಟ್‌ನಲ್ಲಿ (ಜಾವಾ ಫ್ರೇಮ್‌ವರ್ಕ್) ಎಕ್ಸೆಪ್ಶನ್ (ಪ್ರೋಗ್ರಾಂ ಓಡುವಾಗ ಬರೋ ದೋಷ) ಎಲ್ಲಿ ಹಿಡಿಯೋದು? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಪ್ರಾಜೆಕ್ಟ್‌ನಲ್ಲಿ ರಿಕ್ವೆಸ್ಟ್‌ಗೆ ಉತ್ತರ ಕೊಡೋ ಪ್ರತಿ ಕಂಟ್ರೋಲರ್ ಮೆಥಡ್‌ನಲ್ಲೂ ಎಕ್ಸೆಪ್ಶನ್ ಹಿಡಿಯೋಕೆ ಟ್ರೈ-ಕ್ಯಾಚ್. ಒಂದು ಕಡೆ ಸ್ಟೇಟಸ್ ಕೋಡ್ 500 (ಸರ್ವರ್ ದೋಷ) ಹೋಗುತ್ತೆ, ಇನ್ನೊಂದು ಕಡೆ 200 (ಎಲ್ಲ ಸರಿ) ಕಳಿಸಿ ಒಳಗೆ ‘ಫೇಲ್ಡ್’ ಅಂತ ಬರೆದಿರ್ತಾರೆ. ಮೊಬೈಲ್ ಆ್ಯಪ್ ಟೀಮಿನವರು ದಿನಾ ಬಂದು ಜಗಳ ಆಡ್ತಾರೆ. ಇದನ್ನ ಸರಿ ಮಾಡಿದವರು ಹೇಗೆ ಮಾಡಿದ್ರಿ?

ಉತ್ತರ: ಆ ಟ್ರೈ-ಕ್ಯಾಚ್‌ಗಳನ್ನ ಮುಲಾಜಿಲ್ಲದೆ ಕಿತ್ತುಹಾಕಿ. ರೆಸ್ಟ್‌ಕಂಟ್ರೋಲರ್‌ಅಡ್ವೈಸ್ (ಎಲ್ಲ ಕಂಟ್ರೋಲರ್‌ಗಳ ಎಕ್ಸೆಪ್ಶನ್ ಒಂದೇ ಕಡೆ ಹಿಡಿಯೋಕೆ ಇರೋ ಗುರುತು) ಹಾಕಿದ ಒಂದೇ ಕ್ಲಾಸ್ ಸಾಕು: ರೆಕಾರ್ಡ್ ಸಿಗದಿದ್ದರೆ 404, ವ್ಯಾಲಿಡೇಶನ್ ತಪ್ಪಿದರೆ 400, ಗೊತ್ತಿಲ್ಲದ್ದು 500. ಬೂಟ್ 3 ಆಗಿದ್ರೆ ಎರರ್ ಜೇಸನ್ ನೀವೇ ಹೊಸದಾಗಿ ರೂಪಿಸೋ ಉಸಾಬರಿ ಬೇಡ, ಪ್ರಾಬ್ಲಮ್‌ಡೀಟೇಲ್ ಕ್ಲಾಸ್ ಇದೆ.

ಎಡವೋದು ಆ ಕ್ಲಾಸ್‌ನ ಕೊನೆಯ ಹ್ಯಾಂಡ್ಲರ್‌ನಲ್ಲಿ (ಎಕ್ಸೆಪ್ಶನ್‌ಗೆ ಉತ್ತರ ಕೊಡೋ ಮೆಥಡ್). ‘ಎಕ್ಸೆಪ್ಶನ್’ ಅಂತ ಬರೆದು ಎಲ್ಲವನ್ನೂ ಬಾಚಿಕೊಂಡ್ರೆ ಸ್ಪ್ರಿಂಗ್ ತಾನೇ ಕೊಡ್ತಿದ್ದ 405 (ಈ ಬಗೆಯ ರಿಕ್ವೆಸ್ಟ್‌ಗೆ ಅವಕಾಶ ಇಲ್ಲ) ಕೂಡ 500 ಆಗುತ್ತೆ. ರೆಸ್ಪಾನ್ಸ್‌ಎಂಟಿಟಿಎಕ್ಸೆಪ್ಶನ್‌ಹ್ಯಾಂಡ್ಲರ್ ಅನ್ನೋ ಸ್ಪ್ರಿಂಗ್‌ನದೇ ಕ್ಲಾಸ್ ಎಕ್ಸ್‌ಟೆಂಡ್ ಮಾಡಿದ್ರೆ ಅದು ತಪ್ಪುತ್ತೆ. ಪ್ರೀಆಥರೈಜ್ (ಮೆಥಡ್ ಓಡೋ ಮೊದಲು ಅನುಮತಿ ನೋಡೋ ಗುರುತು) ಎಸೆಯೋ ಆ್ಯಕ್ಸೆಸ್‌ಡಿನೈಡ್ ಎಕ್ಸೆಪ್ಶನ್‌ನ ಸಮಸ್ಯೆ ಮಾತ್ರ ಆಗಲೂ ಉಳಿಯುತ್ತೆ: ಸೆಕ್ಯುರಿಟಿ ಫಿಲ್ಟರ್ ಕೈಗೆ ಸಿಗೋ ಮೊದಲೇ ನಿಮ್ಮ ಹ್ಯಾಂಡ್ಲರ್ ನುಂಗಿಬಿಡುತ್ತೆ, 403 (ಅನುಮತಿ ಇಲ್ಲ) ಹೋಗಬೇಕಾದಲ್ಲಿ 500. ಅದಕ್ಕೆ ಬೇರೆ ಹ್ಯಾಂಡ್ಲರ್ ಬರೆದು ಹಾಗೇ ಮತ್ತೆ ಥ್ರೋ ಮಾಡಿ.

ಇನ್ನೊಬ್ಬರು: ಮೇಲಿನವರ ಮಾತು ಸರಿ, ಆದ್ರೆ ಅಡ್ವೈಸ್ ನೋಡೋದು ಡಿಸ್ಪ್ಯಾಚರ್‌ಸರ್ವ್ಲೆಟ್ (ರಿಕ್ವೆಸ್ಟನ್ನ ಕಂಟ್ರೋಲರ್‌ಗೆ ಮುಟ್ಟಿಸೋ ಭಾಗ) ಒಳಗಿನದ್ದನ್ನ ಮಾತ್ರ. ಜೆಡಬ್ಲ್ಯುಟಿ (ಬಳಕೆದಾರ ಯಾರು ಅಂತ ತೋರಿಸೋ ಟೋಕನ್) ಚೆಕ್ ಮಾಡೋ ಫಿಲ್ಟರ್ ಅದಕ್ಕಿಂತ ಹೊರಗಿದೆ. ‘ಟೋಕನ್ ಎಕ್ಸ್‌ಪೈರ್ ಆದ್ರೆ ನನ್ನ ಹ್ಯಾಂಡ್ಲರ್ ಯಾಕೆ ಓಡ್ತಿಲ್ಲ’ ಅಂತ ಟೀಮಿಗೆ ಹೊಸದಾಗಿ ಬಂದವರೆಲ್ಲ ಕೇಳ್ತಾರೆ. ಫಿಲ್ಟರ್‌ಗೆ ಹ್ಯಾಂಡ್ಲರ್‌ಎಕ್ಸೆಪ್ಶನ್‌ರಿಸಾಲ್ವರ್ ಇಂಜೆಕ್ಟ್ ಮಾಡಿ, ಕ್ಯಾಚ್‌ನಲ್ಲಿ ಅದರ ರಿಸಾಲ್ವ್‌ಎಕ್ಸೆಪ್ಶನ್ ಕರೆಯಿರಿ, ಆಗ ಅದು ನಿಮ್ಮ ಅಡ್ವೈಸ್‌ಗೇ ಹೋಗುತ್ತೆ.

ಮತ್ತೊಬ್ಬರು: 404, 500 ಎಲ್ಲ ಆಮೇಲೆ ನೋಡ್ಕೊಳ್ಳಿ, ಮೊದಲು ಸರ್ವಿಸ್ ಲೇಯರ್ ನೋಡಿ. ಮೆಥಡ್‌ಗೆ ಟ್ರಾನ್ಸಾಕ್ಷನಲ್ ಗುರುತು ಹಾಕಿದ ಮಾತ್ರಕ್ಕೆ ಎಲ್ಲ ಎಕ್ಸೆಪ್ಶನ್‌ಗೂ ರೋಲ್‌ಬ್ಯಾಕ್ (ಡೇಟಾಬೇಸ್ ಬದಲಾವಣೆ ರದ್ದು) ಆಗಲ್ಲ. ಡೀಫಾಲ್ಟ್ ಆಗಿ ರನ್‌ಟೈಮ್ ಎಕ್ಸೆಪ್ಶನ್ ಮತ್ತು ಎರರ್‌ಗೆ ಮಾತ್ರ. ಖಾತೆಯಿಂದ ಹಣ ಕಳೆದ ಮೇಲೆ ರಸೀದಿ ಫೈಲ್ ಬರೆಯುವಾಗ ಐಒಎಕ್ಸೆಪ್ಶನ್ ಬಂತು ಅನ್ನಿ, ಅದು ರನ್‌ಟೈಮ್ ಎಕ್ಸೆಪ್ಶನ್ ಅಲ್ಲ. ಬಳಕೆದಾರನಿಗೆ 500, ಡೇಟಾಬೇಸ್‌ನಲ್ಲಿ ಕಮಿಟ್ (ಬದಲಾವಣೆ ಖಾಯಂ)! ಟ್ರಾನ್ಸಾಕ್ಷನಲ್‌ಗೆ ರೋಲ್‌ಬ್ಯಾಕ್‌ಫಾರ್ ಕೊಡಿ, ಇಲ್ಲವೇ ನಿಮ್ಮದೇ ರನ್‌ಟೈಮ್ ಎಕ್ಸೆಪ್ಶನ್‌ನಲ್ಲಿ ಸುತ್ತಿ ಎಸೆಯಿರಿ. ಸುತ್ತುವಾಗ ಮೂಲ ಎಕ್ಸೆಪ್ಶನ್ನನ್ನ ‘ಕಾಸ್’ (ಕಾರಣ) ಆಗಿ ಕೊಡಿ, ಇಲ್ಲಾಂದ್ರೆ ಲಾಗ್‌ನಲ್ಲಿ ಬೇರು ಸಿಗಲ್ಲ.

ಕೇಳಿದವರು: ಲಾಗ್ ಅಂದಾಗ ನೆನಪಾಯ್ತು. ನಮ್ಮ ಪ್ರೊಡಕ್ಷನ್ ಲಾಗ್‌ನಲ್ಲಿ ಬರೀ ‘ನಲ್‌ಪಾಯಿಂಟರ್‌ಎಕ್ಸೆಪ್ಶನ್’ ಅಂತ ಸಾಲುಸಾಲು ಇದೆ, ಸ್ಟ್ಯಾಕ್‌ಟ್ರೇಸ್ (ಕೋಡ್‌ನ ಯಾವ ಸಾಲಿನಲ್ಲಿ ಬಂತು ಅನ್ನೋ ಪಟ್ಟಿ) ಇಲ್ಲ. ಲಾಗರ್‌ಗೆ ಎಕ್ಸೆಪ್ಶನ್ ಆಬ್ಜೆಕ್ಟ್ ಕೊಟ್ಟೇ ಇದೀವಿ.

ಮತ್ತೊಬ್ಬರು: ಅದು ಜೆವಿಎಂ (ಜಾವಾ ಕೋಡ್ ಓಡಿಸೋ ಎಂಜಿನ್) ಕೆಲಸ. ಒಂದೇ ಜಾಗದಲ್ಲಿ ಪದೇ ಪದೇ ಬಂದ್ರೆ ಟ್ರೇಸ್ ಕಟ್ಟೋದನ್ನ ಬಿಟ್ಟುಬಿಡುತ್ತೆ. ಸರ್ವರ್ ಸ್ಟಾರ್ಟ್ ಆದಾಗಿನ ಹಳೇ ಲಾಗ್ ತೆಗೆದು ನೋಡಿ, ಮೊದಮೊದಲು ಬಂದವಕ್ಕೆ ಪೂರ್ತಿ ಟ್ರೇಸ್ ಇರುತ್ತೆ. ಹಳೇದು ಅಳಿಸಿ ಹೋಗಿದ್ರೆ ಓಮಿಟ್‌ಸ್ಟ್ಯಾಕ್‌ಟ್ರೇಸ್‌ಇನ್‌ಫಾಸ್ಟ್‌ಥ್ರೋ ಅನ್ನೋ ಜೆವಿಎಂ ಆಯ್ಕೆ ಆಫ್ ಮಾಡಿ ರೀಸ್ಟಾರ್ಟ್ ಮಾಡಿ.